ಎಳೆಯ ಹೃದಯಕ್ಕೊಂದು ಅಳತೆಗೋಲು

ಎದೆನೋವು ಬಂದ ದೊಡ್ಡವರು ಎದೆಯ ಮೇಲೆ ಕೈಯಿಟ್ಟು ತೋರಿಸುತ್ತಾರೆ. ನಿನ್ನೆ ಹುಟ್ಟಿದ ಶಿಶು ಏನನ್ನು ತೋರಿಸೀತು? ಬೀದರ್ ಜಿಲ್ಲೆಯ ಮನ್ನಳ್ಳಿಯಂಥ ಊರಿನಲ್ಲಿ ಕೂಸಿನ ಅಂಗಾಲು ತಣ್ಣಗಾಗಿದೆ, ಅದು ಹಾಲು ಎಳೆಯುತ್ತಿಲ್ಲ ಎಂಬುದನ್ನು ಮೊದಲು ಗಮನಿಸುವವರು ತಾಯಿ, ಅಜ್ಜಿ ಇಲ್ಲವೇ ಆಶಾ ಕಾರ್ಯಕರ್ತೆ. ವೈದ್ಯರು ಎದೆಯ ಚರ್ಮವನ್ನು ಬೆರಳಿನಿಂದ ಒತ್ತಿ ಬಿಡುತ್ತಾರೆ. ಬಿಳಿಚಿದ ಜಾಗ 3 ಸೆಕೆಂಡು ಕಳೆದರೂ ಮೊದಲಿನ ಬಣ್ಣಕ್ಕೆ ತಿರುಗದಿದ್ದರೆ ‘ಶಾಕ್’ ಇರಬಹುದೆಂದು ಶಂಕಿಸುತ್ತಾರೆ. ಅಂಗಾಂಗಗಳಿಗೆ ಸಾಕಷ್ಟು ರಕ್ತ ತಲುಪುತ್ತಿಲ್ಲ ಎಂಬುದೇ ಇದರ ಅರ್ಥ.

ಆಗ ಏಳುವ ಪ್ರಶ್ನೆ ಒಂದೇ. ರಕ್ತನಾಳಗಳಲ್ಲಿ ದ್ರವ ಕಡಿಮೆಯಾಗಿದೆಯೋ, ಹೃದಯದ ಸ್ನಾಯುವೇ ಸೋತಿದೆಯೋ? ಮೊದಲನೆಯದಾದರೆ ಸಲೈನ್ ಬೇಕು. ಎರಡನೆಯದಾದರೆ ಹೆಚ್ಚು ಸಲೈನ್ ಕೊಡುವುದು, ಸೋತ ಎತ್ತಿನ ಗಾಡಿಗೆ ಇನ್ನೆರಡು ಮೂಟೆ ಹೇರಿದಂತೆ. ಸೋತ ಹೃದಯದ ಸಾಕ್ಷಿ ರಕ್ತದಲ್ಲೇ ಸಿಕ್ಕೀತೇ ಎಂಬ ಹುಡುಕಾಟಕ್ಕೆ ಒಂದು ಇತಿಹಾಸವಿದೆ.

ಅದರ ಒಂದು ಎಳೆ ಭಾರತೀಯನದು. ಆಂಧ್ರದ ಭೀಮವರಂನಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್, ಹಾರ್ವರ್ಡ್‌ನಲ್ಲಿ ಸೈರಸ್ ಫಿಸ್ಕ್ ಅವರೊಡನೆ ಸ್ನಾಯುವಿನ ಶಕ್ತಿಯ ಉಗ್ರಾಣವಾದ ಫಾಸ್ಫೋಕ್ರಿಯೇಟಿನ್ ಅನ್ನು 1927ರಲ್ಲಿ ವರದಿ ಮಾಡಿದರು. ಈ ಉಗ್ರಾಣದ ಬಾಗಿಲು ತೆರೆದು ಮುಚ್ಚುವ ಕಿಣ್ವವೇ ಕ್ರಿಯೇಟಿನ್ ಕೈನೇಸ್. ಅದರ ‘ಎಂಬಿ’ ಎಂಬ ರೂಪ ಮುಂದೆ ಹೃದಯಾಘಾತದ ಪರೀಕ್ಷೆಯಾಯಿತು. ಅದಕ್ಕೂ ಮುನ್ನ, 1954ರಲ್ಲಿ, ಲಾಡ್ಯೂ, ವ್ರೊಬ್ಲೆವ್ಸ್ಕಿ, ಕಾರ್ಮೆನ್ ಎಂಬ ಮೂವರು ನ್ಯೂಯಾರ್ಕ್‌ನಲ್ಲಿ ಹೃದಯಾಘಾತದ ನಂತರ ಮತ್ತೊಂದು ಕಿಣ್ವ ರಕ್ತದಲ್ಲಿ ಏರುವುದನ್ನು ತೋರಿಸಿದ್ದರು. ಆದರೆ ಆ ಕಿಣ್ವ ಯಕೃತ್ತಿನಲ್ಲೂ ಉಂಟು, ನಂಬುವುದು ಹೇಗೆ?

1960ರ ದಶಕದಲ್ಲಿ ಜಪಾನಿನ ಸೆತ್ಸುರೋ ಎಬಾಶಿ ಸ್ನಾಯುವಿನ ಸಂಕೋಚನವನ್ನು ನಿಯಂತ್ರಿಸುವ ಟ್ರೋಪೋನಿನ್ ಅನ್ನು ಕಂಡುಹಿಡಿದರು. ಹೃದಯಕ್ಕೇ ಮೀಸಲಾದ ಅದರ ರೂಪಗಳನ್ನು ರಕ್ತದಲ್ಲಿ ಅಳೆಯುವ ವಿಧಾನಗಳು 1980ರ ದಶಕದ ಕೊನೆಗೆ ಬಂದವು. 1988ರಲ್ಲಿ ಹಂದಿಯ ಮಿದುಳಿನಲ್ಲಿ ಸಿಕ್ಕ ‘ಬಿಎನ್‌ಪಿ’ಯ ಕಥೆ ತಮಾಷೆಯದು. ಹೆಸರಿನಲ್ಲಿ ಮಿದುಳು ಇದ್ದರೂ ಅದನ್ನು ಹೆಚ್ಚಾಗಿ ತಯಾರಿಸುವುದು ಒತ್ತಡಕ್ಕೆ ಸಿಕ್ಕಿ ಹಿಗ್ಗಿದ ಹೃದಯ!

ಇವೆಲ್ಲ ವಯಸ್ಕರಿಗಾಗಿ ಕಟ್ಟಿದ ಅಳತೆಗೋಲುಗಳು. ಶಿಶುವಿಗೆ ಹಿಡಿದಾಗ ಲೆಕ್ಕ ತಪ್ಪುತ್ತದೆ. ಹೆರಿಗೆಯಲ್ಲಿ ಮಗುವಿನ ಮೈ ಹಿಂಡಿದಂತಾಗುತ್ತದೆ, ಎಳೆಯ ಮಗುವಿನ ಕೈಕಾಲಿನ ಸ್ನಾಯುವಿನಲ್ಲೂ ‘ಎಂಬಿ’ ಹೆಚ್ಚಿರುತ್ತದೆ. ಹೀಗಾಗಿ ಆರೋಗ್ಯವಂತ ಶಿಶುವಿನಲ್ಲೂ ಅದು ಏರಬಹುದು. ಬಿಎನ್‌ಪಿ ಮೊದಲ ದಿನಗಳಲ್ಲಿ ತಾನಾಗಿಯೇ ಬಹಳ ಮೇಲಿದ್ದು ಬಳಿಕ ಇಳಿಯುತ್ತದೆ. ಟ್ರೋಪೋನಿನ್ ಕೂಡ ವಯಸ್ಕರಿಗಿಂತ ಹೆಚ್ಚು. ಇಷ್ಟಾದರೂ ಹುಟ್ಟುವಾಗ ಉಸಿರುಗಟ್ಟಿದ ಅಥವಾ ತೀವ್ರ ಸೋಂಕಿನಿಂದ ಶಾಕ್‌ಗೆ ಒಳಗಾದ ಶಿಶುಗಳಲ್ಲಿ ಟ್ರೋಪೋನಿನ್ ಇನ್ನೂ ಮೇಲೇರುವುದನ್ನು ಅನೇಕ ಅಧ್ಯಯನಗಳು ಕಂಡಿವೆ. ಒಂದು ಸಂಖ್ಯೆಯನ್ನೇ ನೆಚ್ಚದೆ, ಮಗುವಿನ ವಯಸ್ಸನ್ನು ಗಂಟೆಗಳಲ್ಲಿ ಎಣಿಸಿ, ಹೃದಯದ ಎಕೋ ಚಿತ್ರದೊಡನೆ ಓದಿದಾಗಲೇ ಅದಕ್ಕೆ ಬೆಲೆ.

ಕರ್ನಾಟಕದಲ್ಲಿ 2008ರಲ್ಲಿ ಆರಂಭವಾದ 108 ಆಂಬುಲೆನ್ಸ್ ಸೇವೆಯಿಂದ ಮನ್ನಳ್ಳಿ, ಔರಾದ್, ಭಾಲ್ಕಿಯ ಕಡೆಯ ಕೂಸು ಬೀದರ್ ನಗರ ತಲುಪುವುದು ಸುಲಭವಾಯಿತು. ದಾರಿಯಲ್ಲಿ ಯಾವ ರಕ್ತಪರೀಕ್ಷೆಯೂ ಇಲ್ಲ. ತಾಯಿಯ ಎದೆಗೊತ್ತಿ ಬೆಚ್ಚಗಿಡುವುದೇ ದೊಡ್ಡ ಉಪಚಾರ. ಆಸ್ಪತ್ರೆಯಲ್ಲೂ ಒಂದು ಜಿಪುಣತನ ಬೇಕು. 3 ಕಿಲೋ ತೂಕದ ಶಿಶುವಿನ ಇಡೀ ಮೈಯಲ್ಲಿರುವ ರಕ್ತ ಸುಮಾರು 250 ಮಿಲಿಲೀಟರು, ಅಂದರೆ ಒಂದು ದೊಡ್ಡ ಲೋಟ. ಪರೀಕ್ಷೆಗೆಂದು ತೆಗೆಯುವ ಪ್ರತಿ ಹನಿಯೂ ಆ ಲೋಟದಿಂದಲೇ ಬರಬೇಕು.