ಟೆಲ್ಫರ್ಡ್ ವರ್ಕ್

ಟೆಲ್ಫರ್ಡ್ ಎಚ್. ವರ್ಕ್ (1921–1995) ಅಮೆರಿಕದ ವೈದ್ಯ ಹಾಗೂ ವೈರಾಣು ವಿಜ್ಞಾನಿ. ಮಲೆನಾಡಿನ ಮಂಗನ ಕಾಯಿಲೆಗೆ ಕಾರಣವಾದ ವೈರಾಣುವನ್ನು 1957ರಲ್ಲಿ ಗುರುತಿಸಿದ ತಂಡದ ನೇತೃತ್ವ ವಹಿಸಿದ್ದವರು. ಅದಕ್ಕೂ ಮುನ್ನ ಈಜಿಪ್ಟಿನಲ್ಲಿ ವೆಸ್ಟ್ ನೈಲ್ ವೈರಾಣುವಿನ ಕುರಿತು ಸಂಶೋಧನೆ ನಡೆಸಿದ್ದ ಅವರು, ರಾಕ್‌ಫೆಲರ್ ಪ್ರತಿಷ್ಠಾನದ ಪರವಾಗಿ ಪುಣೆಯ ವೈರಸ್ ಸಂಶೋಧನಾ ಕೇಂದ್ರದ (ಇಂದಿನ ರಾಷ್ಟ್ರೀಯ ವೈರಾಣು ವಿಜ್ಞಾನ ಸಂಸ್ಥೆ) ನಿರ್ದೇಶಕರಾದರು.

ಕ್ಯಾಸನೂರಿನ ಶೋಧನೆ

1957ರ ಆರಂಭದಲ್ಲಿ ಶಿವಮೊಗ್ಗ ಜಿಲ್ಲೆ ಸೊರಬ ತಾಲ್ಲೂಕಿನ ಕ್ಯಾಸನೂರು ಅರಣ್ಯದ ಸುತ್ತಲ ಹಳ್ಳಿಗಳಲ್ಲಿ ತೀವ್ರ ಜ್ವರ ಹರಡಿತು. ಮೊದಲು ಇದನ್ನು ವಿಷಮಶೀತ ಜ್ವರವೆಂದು ಭಾವಿಸಲಾಗಿತ್ತು. ಆದರೆ ಅದೇ ವೇಳೆಗೆ ಕಾಡಿನಲ್ಲಿ ಮುಸಿಯಗಳೂ ಕೆಂಪುಮೂತಿಯ ಮಂಗಗಳೂ ಸಾಯುತ್ತಿದ್ದವು. ಮಂಗಗಳಿಗೂ ಮನುಷ್ಯರಿಗೂ ತಗಲುವ ಹಳದಿ ಜ್ವರ ಭಾರತವನ್ನು ಹೊಕ್ಕಿತೇ ಎಂಬ ಆತಂಕ ಹುಟ್ಟಿತು. ಆ ಜ್ವರವನ್ನು ಹರಡಬಲ್ಲ ಸೊಳ್ಳೆ ದೇಶದೆಲ್ಲೆಡೆ ಇದ್ದು, ಜನರಲ್ಲಿ ರೋಗನಿರೋಧಕ ಶಕ್ತಿ ಇಲ್ಲದಿದ್ದುದರಿಂದ ಈ ಭಯ ನಿರಾಧಾರವಾಗಿರಲಿಲ್ಲ.

ಮಾರ್ಚ್ ತಿಂಗಳಲ್ಲಿ ವರ್ಕ್ ಮತ್ತು ಹೆರಾಲ್ಡ್ ಟ್ರಾಪಿಡೊ ಅವರ ತಂಡ ತನಿಖೆ ಕೈಗೊಂಡಿತು. ಸತ್ತ ಮಂಗಗಳಿಂದಲೂ ರೋಗಿಗಳ ರಕ್ತದಿಂದಲೂ ಬೇರ್ಪಡಿಸಿದ ವೈರಾಣು ಹಳದಿ ಜ್ವರದ್ದಾಗಿರದೆ, ರಷ್ಯಾದಲ್ಲಿ ಉಣ್ಣೆಗಳಿಂದ ಹರಡುವ ಮಿದುಳಿನ ಉರಿಯೂತದ ವೈರಾಣುಗಳ ಗುಂಪಿಗೆ ಸೇರಿತ್ತು. ಅಲ್ಲಿಗೆ ಸೊಳ್ಳೆಯ ಬದಲು ಉಣ್ಣೆಯ ಮೇಲೆ ಗಮನ ಹರಿಯಿತು. ಹೀಮಾಫೈಸಾಲಿಸ್ ಸ್ಪೈನಿಜೆರಾ ಎಂಬ ಕಾಡಿನ ಉಣ್ಣೆ ಮುಖ್ಯ ವಾಹಕವೆಂದು ತಿಳಿಯಿತು. ಮಂಗ ಸತ್ತಾಗ ಅದರ ಮೈಮೇಲಿನ ಉಣ್ಣೆಗಳು ನೆಲಕ್ಕುದುರಿ, ಸೌದೆ, ದರಗು ತರಲು ಕಾಡಿಗೆ ಹೋಗುವವರನ್ನು ಕಚ್ಚುತ್ತವೆ. ಮನುಷ್ಯನಿಂದ ಮನುಷ್ಯನಿಗೆ ಈ ರೋಗ ಹರಡುವುದಿಲ್ಲ. ವೈರಾಣುವಿನೊಡನೆ ಕೆಲಸ ಮಾಡಿದ ಪ್ರಯೋಗಾಲಯದ ಸಿಬ್ಬಂದಿಯಲ್ಲೂ ಹಲವರಿಗೆ ಸೋಂಕು ತಗಲಿತ್ತು.

ಹಕ್ಕಿಗಳ ಪ್ರಶ್ನೆ

ರಷ್ಯಾದ ರೋಗಕ್ಕೆ ಹತ್ತಿರದ ವೈರಾಣು ಸೊರಬದ ಕಾಡಿಗೆ ಹೇಗೆ ಬಂತು? ವಲಸೆ ಹಕ್ಕಿಗಳ ಮೈಮೇಲಿನ ಉಣ್ಣೆಗಳ ಮೂಲಕ ಬಂದಿರಬಹುದೆಂಬ ಊಹೆ ಮುಂದೆ ಬಂದಿತು. ಇದನ್ನು ಪರೀಕ್ಷಿಸಲು ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯು ಸಲೀಂ ಅಲಿ ಅವರ ನೇತೃತ್ವದಲ್ಲಿ 1959ರಲ್ಲಿ ಹಕ್ಕಿಗಳಿಗೆ ಉಂಗುರ ತೊಡಿಸುವ ಯೋಜನೆ ಆರಂಭಿಸಿತು. ಹಕ್ಕಿಗಳೇ ರೋಗ ತಂದವೆಂಬುದು ಸಿದ್ಧವಾಗಲಿಲ್ಲ. ಭಾರತದ ಹಕ್ಕಿಗಳ ವಲಸೆಯ ಅಧ್ಯಯನಕ್ಕೆ ಮಾತ್ರ ಭದ್ರ ಬುನಾದಿ ದೊರೆಯಿತು.

ನಂತರದ ವರ್ಷಗಳು

ಭಾರತದಿಂದ ಮರಳಿದ ಬಳಿಕ ವರ್ಕ್ ಅಮೆರಿಕದ ಸಾಂಕ್ರಾಮಿಕ ರೋಗ ನಿಯಂತ್ರಣ ಕೇಂದ್ರದಲ್ಲಿ ವೈರಾಣು ವಿಭಾಗದ ಮುಖ್ಯಸ್ಥರಾಗಿದ್ದು, ಅನಂತರ ಲಾಸ್ ಏಂಜಲೀಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾದರು. ಅವರು ಗುರುತಿಸಿದ ರೋಗಕ್ಕೆ ನಿರ್ದಿಷ್ಟ ಔಷಧ ಇನ್ನೂ ಇಲ್ಲ. ದಶಕಗಳ ಕಾಲ ಬಳಕೆಯಲ್ಲಿದ್ದ ಲಸಿಕೆಯನ್ನು ಪರಿಣಾಮ ಕುಗ್ಗಿದ ಕಾರಣ 2022ರಲ್ಲಿ ನಿಲ್ಲಿಸಲಾಯಿತು.