ನಾಟಕದ ಅಭಿನಯವೂ ಬೆಳ್ಳಿತೆರೆಯೂ: ನಮ್ಮ ಸೀಮೆಯ ಎರಡು ನಿದರ್ಶನಗಳು

ನಾಟಕವನ್ನು ಚಲಚ್ಚಿತ್ರವಾಗಿ ಹಿಡಿದಾಗ ಅದರ ಜೀವ ಉಳಿಯುವುದೋ ಅಳಿಯುವುದೋ ಎಂಬ ಚರ್ಚೆ ಬಹುಕಾಲದಿಂದ ನಡೆದುಬಂದಿದೆ. ರಂಗದ ಮೇಲೆ ನಟನಿಗೂ ಸಭಿಕರಿಗೂ ನಡುವೆ ಇರುವ ಜೀವಂತ ಸಂಬಂಧವು ತೆರೆಯ ಮೇಲೆ ಇರಲಾರದೆಂದು ಒಂದು ಪಕ್ಷ. ಕೊನೆಯ ಸಾಲಿನವನಿಗೆ ಎಂದೂ ಕಾಣದಿದ್ದ ನಟನ ಕಣ್ಣು ಚಿತ್ರದಲ್ಲಿ ಎಲ್ಲರಿಗೂ ಕಾಣುವುದೆಂದು ಇನ್ನೊಂದು ಪಕ್ಷ. ಎರಡರಲ್ಲಿಯೂ ಸತ್ಯಾಂಶವುಂಟು. ಆದರೆ ಇವೆರಡಕ್ಕೂ ಮೊದಲು ಕೇಳಬೇಕಾದ ಪ್ರಶ್ನೆಯೊಂದಿದೆ: ತೆರೆಯ ಮೇಲೆ ನಮ್ಮನ್ನು ಸೆರೆಹಿಡಿಯುವ ಆ ಅಭಿನಯಕ್ಕೆ ಬಲ ಎಲ್ಲಿಂದ ಬಂದಿತು? ಉತ್ತರವನ್ನು ಅರಸಿ ದೂರ ಹೋಗಬೇಕಾದುದಿಲ್ಲ. ಮೈಸೂರಿನ ಪಶ್ಚಿಮಕ್ಕಿರುವ ಹುಣಸೂರು, ಹೆಗ್ಗಡದೇವನಕೋಟೆಗಳ ಹೆಸರಿನೊಡನೆ ಬೆಸೆದುಕೊಂಡ ಎರಡು ಚಿತ್ರಗಳು ಇದಕ್ಕೆ ಸಾಕ್ಷಿಯಾಗಿವೆ.

ಮೊದಲು ಇವುಗಳ ಹಿನ್ನೆಲೆಯನ್ನು ನೋಡುವ. 1934ರಲ್ಲಿ ತೆರೆಗೆ ಬಂದ ‘ಸತಿ ಸುಲೋಚನ’ದಲ್ಲಿ ಇಂದ್ರಜಿತುವಾದವರು ಸುಬ್ಬಯ್ಯನಾಯ್ಡು, ರಾವಣನಾದವರು ಆರ್. ನಾಗೇಂದ್ರರಾಯರು. ಇಬ್ಬರೂ ಮೈಸೂರಿನ ಸಾಹಿತ್ಯ ಸಾಮ್ರಾಜ್ಯ ನಾಟಕ ಮಂಡಳಿಯವರು. ಮಾತುಗಳನ್ನು ಬರೆದವರು ನಾಟಕಕಾರರಾದ ಬೆಳ್ಳಾವೆ ನರಹರಿಶಾಸ್ತ್ರಿಗಳು. ಚಿತ್ರ ತಯಾರಾದುದು ದೂರದ ಕೊಲ್ಹಾಪುರದಲ್ಲಿ. ಯಂತ್ರವೂ ಸ್ಟುಡಿಯೋವೂ ಪರಸ್ಥಳದವು. ಅಭಿನಯ ಮಾತ್ರ ನಮ್ಮ ಕಂಪನಿಗಳದು. ಧ್ವನಿವರ್ಧಕವಿಲ್ಲದ ಕಾಲದಲ್ಲಿ ಕೊಟ್ಟಿಗೆಯಂಥ ತಗಡಿನ ರಂಗಮಂದಿರದ ಕಟ್ಟಕಡೆಯ ಶ್ರೋತೃವಿನವರೆಗೆ ಮಾತನ್ನು ಮುಟ್ಟಿಸಬೇಕಾಗಿದ್ದ ನಟನಿಗೆ ಕಂಠ, ನಿಲುವು, ಹಸ್ತವಿನ್ಯಾಸ ಎಲ್ಲವೂ ಕಸುಬಿನ ಆಯುಧಗಳಾಗಿದ್ದವು. ‘ಒನ್ಸ್‌ಮೋರ್’ ಎಂಬ ಕೂಗು ಎದ್ದೊಡನೆ ಹಾಡನ್ನು ಮತ್ತೆ ಹಾಡಿ, ಭಾವವನ್ನು ಕೆಡದಂತೆ ಮತ್ತೆ ಎತ್ತಿಕೊಳ್ಳುವುದೂ ಆ ಶಿಕ್ಷಣದ ಒಂದು ಭಾಗ.

ಹಾಗಾದರೆ ಈ ನಟರ ಶಕ್ತಿಯೆಲ್ಲವೂ ಕಂಠದಲ್ಲಿಯೇ ಇತ್ತೇ? ಇಲ್ಲವೆಂಬುದಕ್ಕೆ ಒಂದು ವಿಚಿತ್ರವಾದ ಪ್ರಮಾಣವಿದೆ. 1943ರಲ್ಲಿ ನಾಗೇಂದ್ರರಾಯರ ನಿರ್ದೇಶನದಲ್ಲಿ ಬಂದ ‘ಸತ್ಯ ಹರಿಶ್ಚಂದ್ರ’ದಲ್ಲಿ ಸುಬ್ಬಯ್ಯನಾಯ್ಡುಗಳೇ ಹರಿಶ್ಚಂದ್ರ. ಎ. ವಿ. ಮೇಯಪ್ಪನವರು ಆ ಚಿತ್ರಕ್ಕೆ ತಮಿಳು ಮಾತುಗಳನ್ನು ಕೂಡಿಸಿ 1944ರಲ್ಲಿ ತಮಿಳರ ಮುಂದಿಟ್ಟರು. ಕಂಠ ಬೇರೆಯವರದಾಯಿತು, ಮುಖ, ನಡೆ, ನಿಲುವುಗಳು ಕನ್ನಡ ನಟನವೇ ಆಗಿ ಉಳಿದವು. ಮಾತನ್ನು ಕಳಚಿದ ಮೇಲೂ ಉಳಿಯುವ ಅಭಿನಯವೊಂದು ರಂಗದ ನಟನಲ್ಲಿತ್ತೆಂದು ಇದರಿಂದ ತಿಳಿಯುವುದು.

ಅದೇ ಹರಿಶ್ಚಂದ್ರನ ಕಥೆ 1965ರಲ್ಲಿ ಮತ್ತೊಮ್ಮೆ ತೆರೆಗೆ ಬಂದಿತು. ನಿರ್ದೇಶಕರು 1914ರಲ್ಲಿ ಜನಿಸಿದ ಹುಣಸೂರು ಕೃಷ್ಣಮೂರ್ತಿಗಳು. ಊರಿನ ಹೆಸರನ್ನೇ ತಮ್ಮ ಹೆಸರಾಗಿ ಹೊತ್ತ ಇವರು ವೃತ್ತಿ ನಾಟಕರಂಗದಲ್ಲಿ ಪಳಗಿ ಚಿತ್ರರಂಗಕ್ಕೆ ಹೋದವರು. ಹರಿಶ್ಚಂದ್ರನಾದ ರಾಜಕುಮಾರ್ ಬಾಲ್ಯದಿಂದ ಗುಬ್ಬಿ ಕಂಪನಿಯಲ್ಲಿ ಬೆಳೆದವರು. ನಕ್ಷತ್ರಿಕನಾದ ನರಸಿಂಹರಾಜು ಎಳವೆಯಲ್ಲಿಯೇ ಬಣ್ಣ ಹಚ್ಚಿದವರು. ಹೆತ್ತ ಮಗನ ಹೆಣಕ್ಕೆ ಸುಡುಗಾಡಿನ ತೆರಿಗೆಯನ್ನು ಹೆಂಡತಿಯಿಂದಲೇ ಕೇಳಬೇಕಾದ ಆ ಸಂದರ್ಭವನ್ನು ಕಂಪನಿಯ ನಟರು ದೀರ್ಘವಾದ ಪ್ರಲಾಪದಿಂದ ಬೆಳೆಸುತ್ತಿದ್ದರು. ತೆರೆಯ ಮೇಲೆ ಅಷ್ಟು ಹಾಡಬೇಕಾಗಿಲ್ಲ. ಕಣ್ಣೆವೆಯೊಂದು ನಡುಗಿದರೆ ಸಾಕು. ಆದರೆ ಆ ಎವೆ ಎಲ್ಲಿ ನಡುಗಬೇಕೆಂಬುದು ನೂರಾರು ರಾತ್ರಿ ಸಭೆಯ ಮೌನವನ್ನೂ ನಿಟ್ಟುಸಿರನ್ನೂ ಅಳೆದು ನೋಡಿದವನಿಗಲ್ಲದೆ ತಿಳಿಯದು.

ಎರಡನೆಯ ನಿದರ್ಶನ ಬೇರೆ ಬಗೆಯದು. ಹೆಗ್ಗಡದೇವನಕೋಟೆಯ ಕಾಕನಕೋಟೆಯ ಕಾಡನ್ನೂ ಅಲ್ಲಿನ ಕಾಡುಕುರುಬರನ್ನೂ ರಣಧೀರ ಕಂಠೀರವರ ಕಾಲದೊಡನೆ ಹೆಣೆದು ಮಾಸ್ತಿಯವರು ‘ಕಾಕನಕೋಟೆ’ ನಾಟಕವನ್ನು ಬರೆದರು. ಬೆಂಗಳೂರಿನ ಹವ್ಯಾಸಿ ತಂಡವಾದ ನಟರಂಗವು ಸಿ. ಆರ್. ಸಿಂಹರ ನಿರ್ದೇಶನದಲ್ಲಿ ಇದನ್ನು ಆಡಿತು; 1977ರಲ್ಲಿ ಸಿಂಹರೇ ಇದನ್ನು ಚಿತ್ರವಾಗಿ ತೆರೆಗೆ ತಂದರು. ಕುರುಬರ ಮುಖಂಡನಾದ ಕಾಚನ ಪಾತ್ರ ಲೋಕೇಶರದು. ಇವರು ‘ಸತಿ ಸುಲೋಚನ’ದ ಇಂದ್ರಜಿತುವಾದ ಸುಬ್ಬಯ್ಯನಾಯ್ಡುಗಳ ಪುತ್ರರೆಂಬುದನ್ನು ವಾಚಕರು ಗಮನಿಸಬೇಕು. ತಂದೆಯ ರಂಗದಲ್ಲಿ ಕಿರೀಟ, ಗದೆ, ಕಂದಪದ್ಯಗಳಿದ್ದವು. ಮಗನ ಪಾತ್ರಕ್ಕೆ ಇವಾವುವೂ ಇಲ್ಲ. ಆದರೂ ಪ್ರಭುವಿನ ಎದುರು ತನ್ನ ಜನದ ಪರವಾಗಿ ನಿಂತು ನುಡಿಯುವ ಕಾಡಿನವನಿಗೆ ಅರಸುತನದ ಗಾಂಭೀರ್ಯವನ್ನು ತಂದುಕೊಡುವುದು ನಟನ ಕೆಲಸ. ಚಿತ್ರ ಬರುವ ವೇಳೆಗೆ ಕಾಕನಕೋಟೆಯ ಖೆಡ್ಡಾಗಳು 1971ರಲ್ಲಿ ಮುಗಿದಿದ್ದವು. ಕಬಿನಿಯ ನೀರು ಕಾಡಿನ ಒಂದು ಭಾಗವನ್ನು ನುಂಗಿತ್ತು. ಇದನ್ನು ಬಲ್ಲವರಿಗೆ ಕಾಚನ ಮಾತು ಕೇವಲ ಹಳೆಯ ಕಾಲದ ಮಾತಾಗಿ ಕೇಳಿಸದು.

ಇಲ್ಲಿ ಒಂದು ಆಕ್ಷೇಪ ಬರಬಹುದು. ಅದೇ ತಾಲ್ಲೂಕಿನ ಕಾರಾಪುರದ ಮಾವುತನ ಮಗ ಸಾಬು ಯಾವ ರಂಗಶಿಕ್ಷಣವೂ ಇಲ್ಲದೆ 1937ರ ‘ಎಲಿಫೆಂಟ್ ಬಾಯ್’ ಚಿತ್ರದಿಂದ ಲೋಕವಿಖ್ಯಾತನಾಗಲಿಲ್ಲವೇ? ಆದನು. ಆದರೆ ಆನೆಯ ಜೊತೆ ಬೆಳೆದ ಹುಡುಗ ಅಲ್ಲಿ ಆನೆಯ ಜೊತೆ ಬೆಳೆದ ಹುಡುಗನೇ ಆಗಿದ್ದನು. ತನ್ನದಲ್ಲದ ಬಾಳನ್ನು ತನ್ನದಾಗಿಸಿಕೊಂಡು, ಸುಡುಗಾಡಿನ ಕಾವಲಿನವನಲ್ಲಿ ಚಕ್ರವರ್ತಿಯನ್ನೂ ಹಾಡಿಯ ಹಿರಿಯನಲ್ಲಿ ರಾಜತೇಜವನ್ನೂ ತೋರಿಸುವುದು ಅಭ್ಯಾಸದ ಫಲ. ಆ ಅಭ್ಯಾಸಕ್ಕೆ ನಮ್ಮ ಚಿತ್ರರಂಗ ನಾಟಕರಂಗಕ್ಕೆ ಋಣಿಯಾಗಿದೆ.

ತೆರೆಯೂ ಈ ಋಣವನ್ನು ಒಂದು ಬಗೆಯಲ್ಲಿ ತೀರಿಸಬಲ್ಲುದು. ಮೈಸೂರಿನ ರಂಗವನ್ನು ಆಳಿದ ಎ. ವಿ. ವರದಾಚಾರ್ಯರು 1926ರಲ್ಲಿ, ಕನ್ನಡದಲ್ಲಿ ವಾಕ್ಚಿತ್ರ ಬರುವ ಮೊದಲೇ, ತೀರಿಕೊಂಡರು. ಅವರ ಹಿರಣ್ಯಕಶಿಪುವನ್ನು ನಾವು ಹಿರಿಯರ ಬರವಣಿಗೆಯಿಂದ ಊಹಿಸಿಕೊಳ್ಳಬೇಕಷ್ಟೆ. ಆದರೆ ಚಿತ್ರವಾದ ಮಾತ್ರಕ್ಕೆ ಅಮರತ್ವ ದೊರೆಯುವುದೆಂದೂ ಹೇಳುವಂತಿಲ್ಲ. ‘ಸತಿ ಸುಲೋಚನ’ದ ಪ್ರತಿಯೂ ಉಳಿದುಬರಲಿಲ್ಲ. 1965ರ ‘ಸತ್ಯ ಹರಿಶ್ಚಂದ್ರ’ವನ್ನು 2008ರಲ್ಲಿ ಬಣ್ಣಗೂಡಿಸಿ ಮರಳಿ ತೆರೆಗೆ ತಂದುದರಿಂದ ಹೊಸ ತಲೆಮಾರಿನವರು ಅದನ್ನು ನೋಡುವಂತಾಯಿತು. ಅಭಿನಯ ನಟನದು, ಅದನ್ನು ಕಾಪಾಡುವ ಹೊಣೆ ನೋಡಿದವರದು. ಹಳೆಯ ನಾಟಕಗಳ ಕರಪತ್ರ, ಭಾವಚಿತ್ರ, ಹಾಡಿನ ಪುಸ್ತಕಗಳು ಈ ತಾಲ್ಲೂಕುಗಳ ಮನೆಗಳ ಅಟ್ಟಗಳಲ್ಲಿ ಇದ್ದರೆ, ಗೆದ್ದಲು ಹಿಡಿಯುವ ಮೊದಲು ಅವನ್ನು ಕೆಳಗಿಳಿಸುವುದು ಯೋಗ್ಯವಾಗಿದೆ.