ಚಂಡೀಗಢ ಕುರ್ಚಿ

ಚಂಡೀಗಢ ಕುರ್ಚಿ ಎಂಬುದು 1950ರ ದಶಕದಿಂದ ಚಂಡೀಗಢದ ಸರ್ಕಾರಿ ಕಟ್ಟಡಗಳಿಗಾಗಿ ತಯಾರಾದ, ತೇಗದ ಚೌಕಟ್ಟು ಮತ್ತು ಬೆತ್ತದ ಹೆಣಿಗೆಯುಳ್ಳ ಕುರ್ಚಿಗಳ ರೂಢಿಯ ಹೆಸರು. ಇವುಗಳ ವಿನ್ಯಾಸವು ಮುಖ್ಯವಾಗಿ ಸ್ವಿಟ್ಜರ್ಲೆಂಡಿನ ವಾಸ್ತುಶಿಲ್ಪಿ ಪಿಯರ್ ಜೀನರೆ (1896–1967) ಅವರದು. ಅವರು ನಗರದ ಯೋಜಕ ಲ ಕಾರ್ಬೂಸಿಯೆ ಅವರ ಸೋದರಸಂಬಂಧಿ. ಯೂಲಿ ಚೌಧುರಿ ಮೊದಲಾದ ಭಾರತೀಯ ವಾಸ್ತುಶಿಲ್ಪಿಗಳೂ ಪೀಠೋಪಕರಣಗಳ ವಿನ್ಯಾಸದಲ್ಲಿ ಪಾಲ್ಗೊಂಡಿದ್ದರು.

ವಿನ್ಯಾಸ

ತಲೆಕೆಳಗಾದ 'ವಿ' ಅಕ್ಷರದಂತಿರುವ ಕಾಲುಗಳು ಈ ಕುರ್ಚಿಯ ಮುಖ್ಯ ಗುರುತು. ತೇಗವು ತೇವ ಮತ್ತು ಗೆದ್ದಲನ್ನು ತಾಳಿಕೊಳ್ಳುತ್ತದೆ. ಬೆತ್ತದ ಹೆಣಿಗೆಯಲ್ಲಿ ಗಾಳಿಯಾಡುವುದರಿಂದ ಅದು ಸೆಕೆಗೆ ಹೊಂದುತ್ತದೆ. ಸ್ಥಳೀಯ ಬಡಗಿಗಳು ಕೈಯಿಂದ ತಯಾರಿಸಿದ ಕಾರಣ ಒಂದೇ ಮಾದರಿಯ ಕುರ್ಚಿಗಳಲ್ಲಿಯೂ ಸಣ್ಣಪುಟ್ಟ ವ್ಯತ್ಯಾಸಗಳಿವೆ. ಅನೇಕ ಕುರ್ಚಿಗಳ ಮೇಲೆ ಕಚೇರಿಯ ಹೆಸರು ಹಾಗೂ ಸಂಖ್ಯೆಯನ್ನು ಬಣ್ಣದಲ್ಲಿ ಬರೆಯಲಾಗಿದೆ.

ಹರಾಜು ಮತ್ತು ಸಂರಕ್ಷಣೆ

ಹಳತಾದ ಕುರ್ಚಿಗಳನ್ನು ಕಚೇರಿಗಳು ಗುಜರಿಯೆಂದು ಅಗ್ಗದ ಬೆಲೆಗೆ ಹರಾಜು ಹಾಕಿದವು. ಅವುಗಳನ್ನು ಕೊಂಡ ವ್ಯಾಪಾರಿಗಳು ದುರಸ್ತಿ ಮಾಡಿಸಿ ಯುರೋಪ್ ಮತ್ತು ಅಮೆರಿಕಗಳಲ್ಲಿ ಭಾರಿ ಬೆಲೆಗೆ ಮಾರಿದರು. ಬಣ್ಣದ ಕಚೇರಿ ಗುರುತೇ ಅಲ್ಲಿ ಅಸಲಿತನದ ಸಾಕ್ಷ್ಯವೆನಿಸಿತು. 2011ರಲ್ಲಿ ಕೇಂದ್ರ ಗೃಹ ಸಚಿವಾಲಯವು ಈ ಪೀಠೋಪಕರಣಗಳ ಮಾರಾಟವನ್ನು ನಿರ್ಬಂಧಿಸಿತು. ಆದರೆ 1972ರ ಪುರಾವಸ್ತು ಮತ್ತು ಕಲಾನಿಧಿ ಅಧಿನಿಯಮದ ಪ್ರಕಾರ ಪುರಾವಸ್ತು ಎನಿಸಲು ಇಂತಹ ವಸ್ತುವಿಗೆ ಕನಿಷ್ಠ 100 ವರ್ಷ ತುಂಬಿರಬೇಕು. ಈ ಕುರ್ಚಿಗಳಿಗೆ ಅಷ್ಟು ವಯಸ್ಸಾಗಿಲ್ಲವಾದ್ದರಿಂದ ಆ ಕಾನೂನಿನ ರಕ್ಷಣೆ ಇವುಗಳಿಗೆ ದೊರೆಯುವುದಿಲ್ಲ.